ನಾಲ್ಕು ಹೆಸರಿನ ರಕ್ತ

ಗುಬ್ಬಿ ಬಸ್ ನಿಲ್ದಾಣದ ಹೊರಗೆ ಒಂದು ತಳ್ಳುಗಾಡಿ ನಿಂತಿರುತ್ತದೆ. ಹೋದ ವಾರ ಯಾವುದೋ ಸುದ್ದಿಗಾಗಿ ಅಲ್ಲಿ ಇಳಿದಾಗ ಆ ಗಾಡಿಯ ಬಾಣಲೆಯಲ್ಲಿ ಬೋಂಡ ಬೇಯುತ್ತಿತ್ತು. ಎಣ್ಣೆ ಡಾಂಬರಿನ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಹಳದಿ ನೊರೆ ಕಟ್ಟಿಕೊಂಡಿತ್ತು. ಗಾಡಿಯವನು ಬೋಂಡಗಳನ್ನು ಎತ್ತಿ ಹಳೆಯ ಪತ್ರಿಕೆಯ ಮೇಲೆ ಸುರಿದ, ತಳದಲ್ಲಿ ಉಳಿದ ಎಣ್ಣೆಗೆ ಪ್ಯಾಕೆಟ್ಟಿನಿಂದ ಇನ್ನಷ್ಟು ಎಣ್ಣೆ ಸುರಿದು ಮತ್ತೆ ಹಿಟ್ಟು ಬಿಟ್ಟ. ಕಮಟು ವಾಸನೆ ರಸ್ತೆ ದಾಟಿ ಬಂತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಾಗಿದ್ದರೂ ಕಾಫಿ ಕೂಡ ಕುಡಿಯಲಾಗಲಿಲ್ಲ.

ಆ ವಾಸನೆಯ ಜೊತೆಗೆ ನನಗೆ ಒಂದು ವರ್ಷ ನೆನಪಾಗುತ್ತದೆ. ನಾಲ್ಕು ವರ್ಷದ ಹಿಂದಿನ ಮಾತು. ತುಮಕೂರಿನ ಒಂದು ಪತ್ರಿಕೆಯಲ್ಲಿ ನಾನು ವರದಿಗಾರ. ಯಾರು, ಎಲ್ಲಿ, ಯಾವಾಗ, ಏನಾಯಿತು ಎಂದು ಬರೆದು ಮುಗಿಸುವುದು ನನ್ನ ಕೆಲಸ. ನನಗೆ ಏನನ್ನಿಸಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಅದರಿಂದ ನನಗೆ ತೊಂದರೆಯೂ ಆಗಿಲ್ಲ. ಆ ವರ್ಷ ಮಾತ್ರ ನಾನು ಬರೆದ ಒಂದು ಸುದ್ದಿಯೇ ಮುಂದೆ ನಡೆದದ್ದಕ್ಕೆ ಒಂದು ಕಾರಣವಾಯಿತು.

ನನ್ನ ಅಕ್ಕ ಸರೋಜಳನ್ನು ಕೊಟ್ಟಿರುವುದು ಕುಣಿಗಲ್‌ಗೆ. ಭಾವ ಗಂಗಣ್ಣ ಕಾರ್ಖಾನೆ ಬಸ್ಸಿನ ಚಾಲಕರು. ಕುಣಿಗಲ್‌ನಿಂದ ಬೆಳಗಿನ ಪಾಳಿಯ ಹೆಣ್ಣುಮಕ್ಕಳನ್ನು ತುಂಬಿಕೊಂಡು ವಸಂತನರಸಾಪುರಕ್ಕೆ ಬಿಟ್ಟು, ಸಂಜೆ ವಾಪಸ್ ಕರೆತರುವುದು. ಬಸ್ಸುಗಳು ಒಬ್ಬ ಗುತ್ತಿಗೆದಾರನವು, ಶೆಡ್ ಹಿರೇಹಳ್ಳಿಯಲ್ಲಿ. ಆ ವರ್ಷದಿಂದ ಚಾಲಕರಿಗೆಲ್ಲ ಆರು ತಿಂಗಳಿಗೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು ಕಾರ್ಖಾನೆಯವರು ಷರತ್ತು ಹಾಕಿದರು. ಮೊದಲ ತಪಾಸಣೆ ಜನವರಿಯ ಒಂದು ಭಾನುವಾರ. ನಮ್ಮ ಆರೋಗ್ಯ ಪುಟಕ್ಕೆ ಒಂದು ಫೋಟೊ ಸಿಗುತ್ತದೆ ಎಂದು ನಾನೂ ಹೋಗಿದ್ದೆ.

ಶೆಡ್ಡಿನ ಕಂಬಗಳಿಗೆ ಸೊಂಟದೆತ್ತರದವರೆಗೂ ಗುಟ್ಕಾ ಉಗಿದ ಕಲೆ. ಡೀಸೆಲ್ ಮಸಿ ಹಿಡಿದ ಒಂದು ಮೇಜಿನ ಮೇಲೆ ರಕ್ತದ ಟ್ಯೂಬುಗಳು, ಪಕ್ಕದಲ್ಲಿ ಥರ್ಮಾಕೋಲ್ ಡಬ್ಬ. ಲ್ಯಾಬಿನವನು ಹೆಸರು ಕೂಗುತ್ತಿದ್ದ, ಖಾಕಿ ತೊಟ್ಟವನೊಬ್ಬ ಬಂದು ಕೂರುತ್ತಿದ್ದ, ಟ್ಯೂಬಿನ ಮೇಲೆ ಪೆನ್ನಿನಲ್ಲಿ ಹೆಸರು ಬೀಳುತ್ತಿತ್ತು. ಮುಖ ಎತ್ತಿ ನೋಡುವಷ್ಟೂ ಪುರುಸೊತ್ತಿಲ್ಲ. ಅದೇ ಮೇಜಿನಿಂದ ನಾಲ್ಕು ಹೆಜ್ಜೆ ಆಚೆಗೆ ತಿಂಡಿಯ ಏರ್ಪಾಡು. ವನಸ್ಪತಿಯಲ್ಲಿ ಮುಳುಗಿ ಹೊಳೆಯುತ್ತಿದ್ದ ಕೇಸರಿಬಾತು, ಬುಟ್ಟಿ ತುಂಬ ಬೋಂಡ. ಕೊಬ್ಬಿನ ಪರೀಕ್ಷೆಗೆ ರಕ್ತ ಕೊಟ್ಟವನು ಎದ್ದು, ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡೇ, ಇನ್ನೊಂದು ಕೈಯಲ್ಲಿ ಬೋಂಡ ಎತ್ತಿಕೊಳ್ಳುತ್ತಿದ್ದ.

"ಇದೇನ್ರಿ ಇದು?" ಎಂದು ಶೆಡ್ಡಿನ ಮೇಲ್ವಿಚಾರಕನನ್ನು ಕೇಳಿದೆ.

"ಖಾಲಿ ಹೊಟ್ಟೇಲಿ ರಕ್ತ ಕೊಟ್ಟವ್ರೆ ಸಾರ್, ತಿನ್ಲಿ ಬುಡಿ" ಅಂದ. "ಫೋಟೋದಲ್ಲಿ ಬ್ಯಾನರ್ ಪೂರ್ತಿ ಬರ್ಲಿ."

ಅಲ್ಲೇ ನಾನು ಕೆಂಪಣ್ಣನನ್ನು ಮೊದಲು ನೋಡಿದ್ದು. ಗುಬ್ಬಿಯ ಕಡೆಯ ಬಸ್ಸು ಅವನದು. ನಲವತ್ತೆರಡು ವಯಸ್ಸು, ತೆಳ್ಳಗಿನ ಆಳು, ಮೀಸೆಯಡಿಯಲ್ಲಿ ಸದಾ ಒಂದು ನಗು. ಐದು ಬೋಂಡ ಮುಗಿಸಿ ಆರನೆಯದಕ್ಕೆ ಕೈ ಹಾಕಿದ್ದ.

"ಏನ್ಲಾ ಕೆಂಪ, ಸಾಕ್ ಬುಡ್ಲಾ" ಅಂದರು ಭಾವ.

"ಗಂಗಣ್ಣ, ಕೊಬ್ಬು ಇರೋದು ನಿನ್ ಹೊಟ್ಟೇಲಿ. ನನ್ ಮೈಯಾಗೆ ಎಲ್ಲೈತೆ ತೋರ್ಸು?" ಎಂದು ಅಂಗಿ ಎತ್ತಿ ತನ್ನ ಒಣ ಹೊಟ್ಟೆ ಬಡಿದು ತೋರಿಸಿದ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ.

ವಾರದ ನಂತರ ರಿಪೋರ್ಟ್ ಬಂತು. ನಾಲ್ಕು ಜನರದ್ದು ಕೆಟ್ಟಿತ್ತು: ಭಾವ, ಕೆಂಪಣ್ಣ, ಇನ್ನಿಬ್ಬರು ಚಾಲಕರು. ಭಾವನ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ನಾನೂರರ ಹತ್ತಿರ ಇತ್ತು, ಕೆಟ್ಟ ಕೊಲೆಸ್ಟ್ರಾಲೂ ಮಿತಿ ದಾಟಿತ್ತು. ಕೆಂಪಣ್ಣನದ್ದು ಅದಕ್ಕಿಂತ ಹೆಚ್ಚು. ಜುಲೈ ತಪಾಸಣೆಯಲ್ಲೂ ಹೀಗೇ ಬಂದರೆ ಬಸ್ಸಿನ ಕೀಲಿ ವಾಪಸ್ ಕೊಡಬೇಕು, ಬೇಕಾದರೆ ಶೆಡ್ಡಿನಲ್ಲಿ ಬಸ್ ತೊಳೆಯುವ ಕೆಲಸ ಮಾಡಿಕೊಂಡಿರಬಹುದು ಎಂದು ಮೇಲ್ವಿಚಾರಕ ಹೇಳಿದ.

ಭಾವ ಹೆದರಿದರು. ಅಕ್ಕ ಅವರನ್ನು ಕುಣಿಗಲ್‌ನಲ್ಲೇ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ನಾನು ಜೊತೆಗಿದ್ದೆ. ಆಕೆ ಹೆಚ್ಚು ಮಾತಾಡುವವರಲ್ಲ. ಬೀಡಿ ಇವತ್ತೇ ನಿಲ್ಲಬೇಕು. ಕರಿದದ್ದು ಬೇಡ, ಅದರಲ್ಲೂ ಕಾಯಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿದದ್ದು ಬೇಡವೇ ಬೇಡ. ಬಿಳಿ ಅನ್ನ, ಸಕ್ಕರೆ, ತೆಂಗಿನಕಾಯಿ, ಭಾನುವಾರದ ಬಾಟಲಿ ಎಲ್ಲ ಕಡಿಮೆಯಾಗಬೇಕು. ಕಾಳು, ಸೊಪ್ಪು ಹೆಚ್ಚಾಗಬೇಕು. ದಿನಕ್ಕೆ ಮುಕ್ಕಾಲು ಗಂಟೆ ಬೀಸು ನಡಿಗೆ. ರಾತ್ರಿ ಒಂದು ಮಾತ್ರೆ.

"ಇಷ್ಟೆಲ್ಲ ಮಾಡಿದ್ರೆ ಮಾತ್ರೆ ಯಾಕೆ ಡಾಕ್ಟ್ರೇ?" ಅಂದರು ಭಾವ.

"ನಿಮಗೆ ಎರಡೂ ಬೇಕು. ಬಸ್ಸಿಗೆ ಬ್ರೇಕ್ ಇದೆ ಅಂತ ಸ್ಟೀರಿಂಗ್ ಕೈ ಬಿಡ್ತೀರಾ?" ಅಂದರು ಆಕೆ. "ಸಣ್ಣ ಇದ್ದೀನಿ ಅಂತ ಯಾರಾದ್ರೂ ಬೀಗ್ತಿದ್ರೆ ಅವರಿಗೂ ಹೇಳಿ. ಈ ಕೊಬ್ಬು ಹೊಟ್ಟೆ ಮೇಲೆ ಕಾಣಲ್ಲ, ರಕ್ತದಲ್ಲಿರುತ್ತೆ."

ಆಚೆ ಬಂದ ಮೇಲೆ ಭಾವ ಅದನ್ನು ತಮ್ಮ ಭಾಷೆಗೆ ಇಳಿಸಿಕೊಂಡರು. "ರೇಡಿಯೇಟರ್ ಪೈಪಲ್ಲಿ ಕೆಸರು ಕಟ್ಟಿದಂಗೆ ಕಣ್ಲಾ. ಮೇಲಿಂದ ಬಸ್ ಎಷ್ಟ್ ತೊಳುದ್ರೂ ಏನ್ ಬಂತು."

ಫೆಬ್ರವರಿಯಿಂದ ಮೇ ತನಕ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಭಾವ ಮಾಡಿದರು. ಆ ವರ್ಷದಲ್ಲಿ ನನಗೆ ಹೇಸಿಗೆ ಹುಟ್ಟಿಸದ ದಿನಗಳು ಅವಷ್ಟೇ. ಸಂಜೆ ಬಸ್ ನಿಲ್ಲಿಸಿ ಬಂದವರೇ ಚಪ್ಪಲಿ ಬದಲಿಸಿ ದೊಡ್ಡಕೆರೆಯ ಏರಿ ಹತ್ತುತ್ತಿದ್ದರು. ಭಾನುವಾರ ನಾನೂ ಹೋಗುತ್ತಿದ್ದೆ. ಬಿಸಿಲು ಇಳಿದ ಮೇಲೂ ಏರಿಯ ಕಲ್ಲುಗಳಿಂದ ಝಳ ಏಳುತ್ತಿತ್ತು, ನೀರಿನ ಕಡೆಯಿಂದ ಮಾತ್ರ ತಣ್ಣನೆ ಗಾಳಿ. ಮೊದಲ ವಾರ ತೂಬಿನ ಹತ್ತಿರ ಕೂತುಬಿಡುತ್ತಿದ್ದರು, ಜೇಬಿಗೆ ಕೈ ಹೋಗುತ್ತಿತ್ತು, ಬೀಡಿ ಇಲ್ಲದ ಜೇಬಿನಿಂದ ಕೈ ಹಾಗೇ ವಾಪಸ್ ಬರುತ್ತಿತ್ತು. ಏಪ್ರಿಲ್ ಹೊತ್ತಿಗೆ ನಾನು ಅವರ ಹಿಂದೆ ಓಡಬೇಕಾಯಿತು.

ಮನೆಯಲ್ಲಿ ಜಗಳ ನಡೆದದ್ದು ತೆಂಗಿನಕಾಯಿಗೆ. ಹುಲಿಯೂರುದುರ್ಗದ ಹತ್ತಿರ ಅವರಿಗೆ ತೋಟವಿದೆ, ಮನೆಯಲ್ಲಿ ಕಾಯಿಗೆ ಯಾವತ್ತೂ ಬರವಿಲ್ಲ. ಅಕ್ಕನ ಸಾರಿಗೆ ಒಂದು ಹೋಳು ಕಾಯಿ ಬೀಳಲೇಬೇಕು, ಚಟ್ನಿಗೆ ಇನ್ನೊಂದು. ಕಡಿಮೆ ಮಾಡಿ ಎಂದು ಡಾಕ್ಟರಮ್ಮ ಹೇಳಿದ್ದು ಅವಳಿಗೆ ಅವಮಾನದಂತೆ ಕಂಡಿತ್ತು.

"ತೋಟ ಇಟ್ಕೊಂಡು ಕಾಯಿ ಇಲ್ದೆ ಸಾರು ಮಾಡಕ್ಕೆ ನಾವೇನ್ ಗತಿಗೆಟ್ಟಿದ್ದೀವಾ?"

"ಕೆಲಸ ಹೋದ್ರೆ ಕಾಯಿ ಒಂದೇ ತಿನ್ಬೇಕಾಯ್ತದೆ ಕಣೇ" ಅಂದರು ಭಾವ.

ಕೊನೆಗೆ ಅವಳು ಹುರಳಿಕಾಳಿನ ಬಸ್ಸಾರು ಹಿಡಿದಳು. ಬೇಯಿಸಿದ ಕಾಳನ್ನೇ ಒಂದು ಹಿಡಿ ರುಬ್ಬಿ ಕಾಯಿಯ ಬದಲಿಗೆ ಹಾಕಿದಳು, ಒಗ್ಗರಣೆಯ ಎಣ್ಣೆಯನ್ನು ಚಮಚದಲ್ಲಿ ಅಳೆದಳು. ಮುದ್ದೆಯ ಜೊತೆಗೆ ಅದು ಚೆನ್ನಾಗಿಯೇ ಇತ್ತು. ಮೇ ತಿಂಗಳಲ್ಲಿ ಭಾವ ಸ್ವಂತ ಖರ್ಚಿನಲ್ಲಿ ಮತ್ತೆ ರಕ್ತ ಕೊಟ್ಟರು. ನಾನೂರರ ಹತ್ತಿರ ಇದ್ದದ್ದು ನೂರೈವತ್ತರ ಕೆಳಗೆ ಬಂದಿತ್ತು. ಕೆಟ್ಟ ಕೊಲೆಸ್ಟ್ರಾಲ್ ಮಿತಿಯೊಳಗೆ. ಅಕ್ಕ ರಿಪೋರ್ಟನ್ನು ನಾಲ್ಕು ಸಲ ಓದಿಸಿಕೊಂಡಳು.

ನಾನು ಅದನ್ನು ಸುದ್ದಿ ಮಾಡಿದೆ. ಸ್ವಂತ ಭಾವನ ಬಗ್ಗೆ ಬರೆಯಬಾರದು ಎಂಬ ಅಳುಕಿತ್ತು. ಹೆಸರು ಬಿಟ್ಟು, 'ಕುಣಿಗಲ್‌ನ ಕಾರ್ಖಾನೆ ಬಸ್ ಚಾಲಕ' ಎಂದು ಬರೆದೆ. ಮುದ್ದೆ, ಹುರಳಿ, ಕೆರೆ ಏರಿ, ಬೀಡಿ ಬಿಟ್ಟದ್ದು, ಎಲ್ಲ ಬಂತು. ಕೊನೆಯ ಪ್ಯಾರಾದಲ್ಲಿ ಡಾಕ್ಟರಮ್ಮನ ಮಾತು ಬರೆದಿದ್ದೆ: ಇವರು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಾರೆ, ಒಬ್ಬೊಬ್ಬರ ದೇಹ ಒಂದೊಂದು ಥರ, ಎದೆಯಲ್ಲಿ ನೋವೋ ಉರಿಯೋ ಕಂಡರೆ ಹಳೆಯ ರಿಪೋರ್ಟ್ ನಂಬಿ ಮನೆಯಲ್ಲಿ ಕೂರಬೇಡಿ, ಗ್ಯಾಸ್ ಅಂದುಕೊಳ್ಳಬೇಡಿ.

ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆಲ್ಲ ಒಂದು ವಿಷಯ ಗೊತ್ತು. ಜಾಗ ಸಾಲದಿದ್ದರೆ ಪುಟ ಜೋಡಿಸುವ ಡೆಸ್ಕಿನವರು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಆದ್ದರಿಂದಲೇ ಮುಖ್ಯವಾದದ್ದನ್ನು ಮೇಲೆ ಬರೆಯಬೇಕು ಎಂದು ಮೊದಲ ವಾರವೇ ಕಲಿಸುತ್ತಾರೆ. ಹದಿನೆಂಟು ವರ್ಷ ಕೆಲಸ ಮಾಡಿದ್ದ ನಾನು ಆ ಮಾತನ್ನು ಕೆಳಗೆ ಇಟ್ಟಿದ್ದೆ, ಕಥೆ ಚೆನ್ನಾಗಿ ಓದಿಸಿಕೊಳ್ಳಲಿ ಎಂದು. ರಾತ್ರಿ ಒಂದು ಜಾಹೀರಾತು ಬಂತು, ಪ್ಯಾರಾ ಬಿದ್ದುಹೋಯಿತು. ಬೆಳಿಗ್ಗೆ ಆ ಜಾಗದಲ್ಲಿ ಅಡುಗೆ ಎಣ್ಣೆಯ ಪ್ಯಾಕೆಟ್ ಇತ್ತು, ಅದರ ಮೇಲೆ ಕೆಂಪು ಹೃದಯದ ಚಿತ್ರ. ನಾನು ಡೆಸ್ಕಿನವರ ಮೇಲೆ ಸ್ವಲ್ಪ ರೇಗಿ ಸುಮ್ಮನಾದೆ. ತಿದ್ದುಪಡಿ ಹಾಕಿ ಎಂದು ಕೇಳಲಿಲ್ಲ. ಸುದ್ದಿಗೆ ಒಳ್ಳೆಯ ಪ್ರತಿಕ್ರಿಯೆ ಬಂದಿತ್ತು.

ಹೆಸರು ಬಿಟ್ಟರೂ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಅದರಿಂದ ಏನಾಯಿತು ಎಂಬುದು ನನಗೆ ತಿಳಿದದ್ದು ಜುಲೈ ಕೊನೆಯಲ್ಲಿ. ಒಂದು ಭಾನುವಾರ, ಸೋನೆ ಹಿಡಿದಿತ್ತು, ಅಕ್ಕನ ಮನೆಗೆ ಹೋಗಿದ್ದೆ. ಭಾವ ಬನಿಯನ್ನಿನಲ್ಲಿ ಕೂತು ಟಿವಿ ನೋಡುತ್ತಿದ್ದರು. ಎರಡೂ ಮೊಣಕೈಗಳ ಒಳಮೈ ನೀಲಿಗಟ್ಟಿತ್ತು. ಎಡಗೈಯ ಹಿಂಭಾಗದಲ್ಲೂ ಒಂದು ಕಲೆ.

"ಏನಾಯ್ತು ಭಾವ ಕೈಗೆ?"

ಅವರು ಅಕ್ಕನ ಮುಖ ನೋಡಿ ನಕ್ಕರು. "ನಿನ್ ತಮ್ಮನೇ ಕಣೇ ಮಾಡಿದ್ದು. ಪೇಪರ್ನಾಗೆ ಹಾಕ್ದ, ನನ್ ರಕ್ತಕ್ಕೆ ಡಿಮ್ಯಾಂಡ್ ಬಂತು."

ಜುಲೈ ತಪಾಸಣೆಯ ದಿನ ಅವರು ರಕ್ತ ಕೊಡುವ ಕುರ್ಚಿಯಲ್ಲಿ ನಾಲ್ಕು ಸಲ ಕೂತಿದ್ದರು. ಮೊದಲು ಗಂಗಣ್ಣ ಎಂದು ಕೂಗಿದಾಗ. ಆಮೇಲೆ ಸಾಲಿನ ಹಿಂದಿನಿಂದ ಸುತ್ತಿ ಬಂದು, ಕೆಂಪಣ್ಣ ಎಂದು ಕೂಗಿದಾಗ. ಆಮೇಲೆ ಇನ್ನಿಬ್ಬರ ಹೆಸರಿಗೆ. ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಒಂದು, ನಾಲ್ಕನೆಯ ಸಲಕ್ಕೆ ನರ ಸಿಗದೆ ಹಸ್ತದ ಮೇಲೆ.

"ಲ್ಯಾಬಿನವನು ನೋಡ್ಲಿಲ್ವಾ?"

"ನೋಡ್ದೆ ಏನು? 'ಏನಣ್ಣ, ನಿಮ್ಮೂರಲ್ಲಿ ಎಲ್ರಿಗೂ ಒಂದೇ ಮುಖಾನಾ' ಅಂದ. ಚುಚ್ಚಿದ. ಅವನಿಗೆ ಟ್ಯೂಬ್ ತುಂಬಿದ್ರೆ ಆಯ್ತು."

"ಆ ಮೂರು ಜನ ಏನೂ ಪಥ್ಯ ಮಾಡ್ಲಿಲ್ವಾ?"

"ಮಾಡೋರಾಗಿದ್ರೆ ನನ್ ಹತ್ರ ಯಾಕ್ ಬರ್ತಿದ್ರು? ಕೆಂಪ ಅಂತೂ ಕಾಲಿಗೇ ಬಿದ್ದ ಕಣ್ಲಾ. ಮೂರು ಸಂಸಾರ ಉಳುದ್ವು, ಬುಡು."

ಅಕ್ಕ ಒಳಗಿನಿಂದ "ದೊಡ್ಡ ದಾನಶೂರ" ಎಂದು ನಗುತ್ತಾ ತಟ್ಟೆ ತಂದಿಟ್ಟಳು. ತಟ್ಟೆಯಲ್ಲಿ ಈರುಳ್ಳಿ ಬಜ್ಜಿ ಇತ್ತು. ಭಾವ ಎರಡು ಎತ್ತಿಕೊಂಡರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರಿಗೆ ಅರ್ಥವಾಯಿತು.

"ಪಾಸಾದ್ಮೇಲೆ ಯಾರ್ಲಾ ಓದ್ತಾರೆ?" ಅಂದರು. "ಜನವರಿಗೆ ಇನ್ನೂ ಟೈಮೈತೆ."

ಏರಿಯ ಮೇಲೆ ನಡೆಯುವುದೂ ನಿಂತಿತ್ತು. ಮಳೆ ಎಂದರು. ಬೀಡಿಯ ವಾಸನೆಯೂ ಇತ್ತು. ನಾಲ್ಕು ತಿಂಗಳು ಬೆವರು ಸುರಿಸಿ ತಿಳಿಯಾಗಿಸಿಕೊಂಡ ರಕ್ತವನ್ನು ನಾಲ್ಕು ಹೆಸರಿಗೆ ಹಂಚಿ, ಈಗ ಅದನ್ನೇ ಮತ್ತೆ ಕೊಳೆಯಾಗಿಸುತ್ತಾ ಕೂತಿದ್ದರು. ನನಗೆ ಹೇಸಿಗೆಯಾಯಿತು. ಬಜ್ಜಿ ಮುಟ್ಟಲಿಲ್ಲ. ಆದರೆ ಆ ಹೇಸಿಗೆಯನ್ನು ಇಟ್ಟುಕೊಂಡು ನಾನು ಏನು ಮಾಡಿದೆ ಎಂದರೆ, ಏನೂ ಮಾಡಲಿಲ್ಲ. ನೂರೈವತ್ತು ಜನರನ್ನು ದಿನಾ ಕೂರಿಸಿಕೊಂಡು ಓಡಾಡುವ ಮೂವರು ಚಾಲಕರ ರಿಪೋರ್ಟ್ ಸುಳ್ಳು ಎಂಬುದು ಯಾವ ವರದಿಗಾರನಿಗೂ ಸುದ್ದಿ. ನನಗೆ ಅದು ಅಕ್ಕನ ಸಂಸಾರ. ಬರೆಯಲಿಲ್ಲ.

ದೀಪಾವಳಿಗೆ ಒಂದು ವಾರ ಇರುವಾಗ ಕೆಂಪಣ್ಣ ಸತ್ತ. ಭಾನುವಾರ, ರಜೆಯ ದಿನ, ಮನೆಯಲ್ಲಿದ್ದಾಗ. ಒಂದು ದಿನ ತಡವಾಗಿ, ಬಸ್ ಓಡಿಸುವಾಗ ಆಗಿದ್ದರೆ ಅವನ ಹಿಂದೆ ಐವತ್ತು ಜನ ಇರುತ್ತಿದ್ದರು. ಭಾವ ಫೋನ್ ಮಾಡಿ ಹೇಳಿದರು, "ಹಾರ್ಟ್ ಅಟ್ಯಾಕ್" ಎಂದಷ್ಟೇ.

ಹದಿನೈದು ದಿನದ ನಂತರ ಕೆಂಪಣ್ಣನ ಹೆಂಡತಿ ಮಂಜಮ್ಮ ನಮ್ಮ ಕಚೇರಿಗೆ ಬಂದರು. ಗುಬ್ಬಿಯಿಂದ ಬೆಳಗಿನ ಬಸ್ಸು ಹಿಡಿದು ತುಮಕೂರಿಗೆ ಬಂದು, ಕೇಳಿಕೊಂಡು ಹುಡುಕಿದ್ದರು. ಚೀಲದಿಂದ ಎರಡು ವಸ್ತು ತೆಗೆದು ಮೇಜಿನ ಮೇಲಿಟ್ಟರು. ಒಂದು, ಮೇ ತಿಂಗಳ ನನ್ನ ಸುದ್ದಿಯ ಕತ್ತರಿಸಿದ ತುಂಡು. ಇನ್ನೊಂದು, ಲ್ಯಾಮಿನೇಟ್ ಮಾಡಿಸಿದ ರಕ್ತ ಪರೀಕ್ಷೆಯ ರಿಪೋರ್ಟ್. ಮೇಲೆ ಕೆಂಪಣ್ಣ ಎಂದು ಹೆಸರು. ಎಲ್ಲ ಅಂಕಿಗಳೂ ಮಿತಿಯೊಳಗೆ. ತಲೆಯ ಭಾಗದಲ್ಲಿ ಕುಂಕುಮದ ಬೊಟ್ಟು ಒಣಗಿ ನಿಂತಿತ್ತು. ದೇವರ ಪಟದ ಪಕ್ಕ ಇಟ್ಟಿದ್ದರಂತೆ.

"ನಿಮ್ ಪೇಪರ್ ಓದಿ ನಾನು ಮನೇಲಿ ಎಲ್ಲಾ ಬದಲಾಯಿಸ್ದೆ ಸಾರ್" ಅಂದರು. "ಕಾಯಿ ಬಿಟ್ಟೆ, ಪಾಮಾಯಿಲ್ ಬಿಟ್ಟೆ. ದಿನಾ ಮುದ್ದೆ, ಸೊಪ್ಪು, ಕಾಳು. ಮೊದ್ಲು ಬೈಕೊಂಡೇ ಉಂಡ್ರು. ಜುಲೈನಲ್ಲಿ ಇದನ್ನ ತಂದು ಕೈಗ್ ಕೊಟ್ಟು, 'ನಿನ್ ಸಪ್ಪೆ ಸಾರೇ ಗೆದ್ದಿದ್ದು ಕಣೇ ಮಂಜಿ' ಅಂದ್ರು. ಅವತ್ತೇ ಹೋಗಿ ಲ್ಯಾಮಿನೇಷನ್ ಮಾಡಿಸ್ದೆ."

ಅವನು ಶೆಡ್ಡಿನಲ್ಲಿ ಬೋಂಡ ತಿಂದು ಬಂದು ಮನೆಯಲ್ಲಿ ಆ ಸಾರು ಉಣ್ಣುತ್ತಿದ್ದ ಎಂಬುದು ಭಾವ ಹೇಳಿ ನನಗೆ ಗೊತ್ತಿತ್ತು.

"ಅವತ್ತು ಬೆಳಿಗ್ಗೆ ಎದೆ ಉರಿ ಅಂದ್ರು. ರಿಪೋರ್ಟ್ ಚೆನ್ನಾಗೈತಲ್ಲ, ಗ್ಯಾಸ್ ಅಂದ್ಕೊಂಡೆ. ಓಂಕಾಳು ಅಗಿಯಕ್ಕೆ ಕೊಟ್ಟೆ, ನಿಂಬೆ ಸೋಡಾ ತರ್ಸಿದೆ. ನನ್ನೇ ನೋಡ್ತಿದ್ರು ಸಾರ್. ಏನೋ ಹೇಳಕ್ಕೆ ಬಂದಂಗೆ ಮಾಡಿದ್ರು. ನಾನೇ, ಮಾತಾಡ್ಬೇಡಿ, ಸುಧಾರಿಸ್ಕಳಿ ಅಂದೆ. ಹನ್ನೊಂದು ಗಂಟೆಗೆ ಮೈಯೆಲ್ಲಾ ಬೆವರು. ಆಟೋದಲ್ಲಿ ಹಾಕ್ಕೊಂಡ್ ಆಸ್ಪತ್ರೆಗೆ ಹೋಗೋವಾಗ ದಾರೀಲೇ ಹೋದ್ರು."

ಸೆರಗಿನಿಂದ ರಿಪೋರ್ಟಿನ ಮೇಲಿನ ಧೂಳು ಒರೆಸಿದರು.

"ಇಷ್ಟೊತ್ತು ಏನ್ ಮಾಡ್ತಿದ್ರಮ್ಮ ಅಂತ ಡಾಕ್ಟ್ರು ಕೇಳಿದ್ರು. ನಮ್ಮತ್ತೆ ಅದೇ ಮಾತು ಹಿಡ್ಕೊಂಡವ್ರೆ. ನೀನೇ ಕಾಯ್ಸಿ ಕಾಯ್ಸಿ ಕೊಂದೆ ಅಂತಾರೆ, ಬಂದೋರ ಮುಂದೆಲ್ಲ. ಈ ರಿಪೋರ್ಟ್ ಸುಳ್ಳಾ, ಇಲ್ಲಾ ನಾನೇ ತಪ್ಪು ಮಾಡಿದ್ನಾ, ಅಷ್ಟು ಗೊತ್ತಾಗ್ಬೇಕು ಸಾರ್. ಲ್ಯಾಬಿನೋರು ಸುಳ್ಳು ಬರ್ದಿದ್ರೆ ನೀವು ಪೇಪರಲ್ಲಿ ಹಾಕಿ."

"ವಿಚಾರಿಸ್ತೀನಿ" ಅಂದೆ. ವಿಚಾರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಕಾಫಿ ತರಿಸಿದೆ, ಅವರು ಕುಡಿಯಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋದರು.

ಅಂದೇ ಸಂಜೆ ಹಿರೇಹಳ್ಳಿಯ ಶೆಡ್ಡಿಗೆ ಹೋದೆ. ಮೊದಲು ಮೇಲ್ವಿಚಾರಕ ಸಿಕ್ಕ. ಜುಲೈ ತಪಾಸಣೆಯಲ್ಲಿ ಒಬ್ಬನೇ ನಾಲ್ಕು ಸಲ ರಕ್ತ ಕೊಟ್ಟಿದ್ದಾನೆ, ಗೊತ್ತಾ ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಶೆಡ್ಡಲ್ಲಿ ಗೊತ್ತಿಲ್ದಿರೋದು ಏನೈತೆ ಸಾರ್? ಫ್ಯಾಕ್ಟರಿಗೆ ಪೇಪರ್ ಕರೆಕ್ಟಾಗಿರ್ಬೇಕು. ಡ್ರೈವರ್‌ಗಳು ಸಿಕ್ತಾರಾ ಈಗ? ಮೂರು ಬಸ್ ನಿಲ್ಲಿಸಿದ್ರೆ ನೀವ್ ಬಂದ್ ಓಡಿಸ್ತೀರಾ?" ಹೇಳಿ ಕಂಬಕ್ಕೆ ಉಗಿದ.

ಭಾವ ತಮ್ಮ ಬಸ್ಸಿನ ಗಾಜು ಒರೆಸುತ್ತಿದ್ದರು. ಮಂಜಮ್ಮ ಬಂದದ್ದನ್ನು ಹೇಳಿದೆ. ಒರೆಸುವುದು ನಿಲ್ಲಿಸಲಿಲ್ಲ.

"ಆ ಹೆಂಗಸಿಗೆ ನಿಜ ಹೇಳ್ಬೇಕು ಭಾವ. ಕೊಲೆ ಮಾಡ್ದೋಳು ಅಂತ ಮನೇಲಿ ಅನ್ನಿಸ್ಕೊಳ್ತಿದಾರೆ."

"ಹೇಳಿ? ಸತ್ತವನು ಎದ್ ಬರ್ತಾನಾ? ಗಂಡ ಕಳ್ಳ ಅಂತ ಗೊತ್ತಾಗ್ತದೆ, ಅಷ್ಟೇಯ. ಇದ್ದ ಒಂದ್ ಮಾನನೂ ಕಳೀತೀಯ ನೀನು."

"ನೀವು ಕೊಟ್ಟ ರಿಪೋರ್ಟ್ ನಂಬಿ ಮೂರ್ನಾಲ್ಕು ಗಂಟೆ ಮನೇಲಿ ಕೂರಿಸ್ಕೊಂಡಿದ್ರು."

"ನಾನೇನ್ ಅವನಿಗೆ ಬೋಂಡ ತಿನ್ಸಿದ್ನಾ?" ಈಗ ಬಟ್ಟೆ ಕೆಳಗಿಟ್ಟು ತಿರುಗಿದರು. "ಬದುಕ್ಕೊಳ್ಲಿ ಅಂತ ಮೈಯಿಂದ ರಕ್ತ ತೆಗ್ದು ಕೊಟ್ಟೆ ಕಣ್ಲಾ. ನೀನು ಕೊಟ್ಟಿದ್ದು ಏನು? ಪೇಪರ್ ತುಂಡು. ನನ್ ಕೆಲಸ ಹೋದ್ರೆ ನಿಮ್ಮಕ್ಕನ್ನ ನೀನ್ ಸಾಕ್ತೀಯಾ?"

ಅವರ ಮಾತಿನಲ್ಲಿ ಒಂದು ನಿಜವಿತ್ತು, ಅದಕ್ಕೇ ಇನ್ನಷ್ಟು ಅಸಹ್ಯವಾಯಿತು. ಆ ಪೇಪರ್ ತುಂಡು ಮಂಜಮ್ಮನ ಚೀಲದಲ್ಲಿತ್ತು. 'ಗ್ಯಾಸ್ ಅಂದುಕೊಳ್ಳಬೇಡಿ' ಎಂಬ ಸಾಲು ಅದರಲ್ಲಿ ಇರಲಿಲ್ಲ. ಇರುವಂತೆ ನೋಡಿಕೊಳ್ಳಬೇಕಾದವನು ನಾನು.

ಮೂರು ದಿನ ಕಳೆದು ಗುಬ್ಬಿಗೆ ಹೋದೆ. ಮಂಜಮ್ಮನ ಮನೆ ಪೇಟೆಯ ಹಿಂದಿನ ಬೀದಿಯಲ್ಲಿ, ಹಂಚಿನ ಮನೆ. ಅತ್ತೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಅಗಿಯುತ್ತಿದ್ದರು. ಮಂಜಮ್ಮ ಒಳಗೆ ಬನ್ನಿ ಎಂದರು. ನಾನು ಜಗಲಿಯಲ್ಲೇ ಕೂರುತ್ತೇನೆ ಎಂದೆ. ಇಬ್ಬರಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಲ್ಯಾಬಿನವರು ಅಂಕಿ ಸುಳ್ಳು ಬರೆದಿಲ್ಲಮ್ಮ. ಆದರೆ ಆ ರಕ್ತ ಕೆಂಪಣ್ಣನದ್ದಲ್ಲ. ಕೆಲಸ ಹೋಗುತ್ತೆ ಅಂತ ಹೆದರಿ ಬೇರೆಯವರನ್ನ ಕೂರಿಸಿದ್ರು. ಅವರ ನಿಜವಾದ ರಿಪೋರ್ಟ್ ಜನವರಿಯದ್ದು, ಅದು ಕೆಟ್ಟಿತ್ತು. ಅದನ್ನ ನಿಮಗೆ ತೋರಿಸಿರಲಿಕ್ಕಿಲ್ಲ. ಜುಲೈ ರಿಪೋರ್ಟ್ ನೋಡಿದ ಯಾರೇ ಆದರೂ ಗ್ಯಾಸ್ ಅಂತಲೇ ಅಂದುಕೊಳ್ತಿದ್ರು. ನಿಮ್ಮದೇನೂ ತಪ್ಪಿಲ್ಲ."

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಬೀದಿಯ ಕಡೆಗೆ ಮುಖ ತಿರುಗಿಸಿದರು.

ಮಂಜಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಅಳಲಿಲ್ಲ. "ಹಂಗಾದ್ರೆ ಆ ರಕ್ತ ಯಾರ್ದು?" ಅಂದರು.

"ನಮ್ಮ ಭಾವನದ್ದು. ನಾನು ಪೇಪರಲ್ಲಿ ಬರೆದಿದ್ದೆನಲ್ಲ, ಅವರದ್ದೇ. ನನಗೆ ಜುಲೈನಲ್ಲೇ ಗೊತ್ತಿತ್ತು."

ಅದನ್ನು ಹೇಳಿದ ಮೇಲೆ ಅವರು ಬೈಯುತ್ತಾರೆ ಎಂದು ಕಾದೆ. ಅವರು ಒಳಗೆ ಹೋದರು. ದೇವರ ಗೂಡಿನ ಹತ್ತಿರ ಏನೋ ಸರಿದ ಸದ್ದಾಯಿತು. ರಿಪೋರ್ಟ್ ಹಿಡಿದು ವಾಪಸ್ ಬಂದರು.

"ನಿಮ್ ಭಾವನ ಮನೇಲಿ ಸಾರು ಮಾಡೋರು ಯಾರು?"

"ನಮ್ಮಕ್ಕ."

"ಹಂಗಾದ್ರೆ ಗೆದ್ದಿದ್ದು ಅವರ ಸಾರು" ಅಂದರು. "ಇದು ಅವರ್ದು. ಅವರಿಗೇ ಕೊಟ್ಬುಡಿ."

ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಮತ್ತೆ ಆಚೆ ಬರಲಿಲ್ಲ. ಉಳಿದ ಇಬ್ಬರು ಚಾಲಕರಿಗೆ ಬಸ್ ನಿಲ್ದಾಣದಿಂದಲೇ ಫೋನ್ ಮಾಡಿ, ಡಾಕ್ಟರಿಗೆ ತೋರಿಸಿಕೊಳ್ಳಿ ಎಂದೆ. ಒಬ್ಬ ಆಯ್ತು ಎಂದ. ಇನ್ನೊಬ್ಬ ಫೋನ್ ಕಟ್ ಮಾಡಿದ.

ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್. ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬೀದಿಗೆ ಬರುವಷ್ಟರಲ್ಲೇ ವಾಸನೆ ಬಂತು. ಅಕ್ಕ ನಿಪ್ಪಟ್ಟು ಕರಿಯುತ್ತಿದ್ದಳು, ದೀಪಾವಳಿಗೆ ಕಾಯಿಸಿ ಉಳಿದ ಎಣ್ಣೆಯಲ್ಲಿ. ಭಾವ ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತು ಬಿಸಿಯದನ್ನು ಊದಿ ಊದಿ ತಿನ್ನುತ್ತಿದ್ದರು.

ಮಂಜಮ್ಮನಿಗೆ ಹೇಳಿಬಿಟ್ಟೆ ಎಂದೆ. ರಿಪೋರ್ಟನ್ನು ಭಾವನ ಮುಂದೆ ಚಾಚಿದೆ. ಅವರು ಎಣ್ಣೆ ಬೆರಳಲ್ಲೇ ಅದರ ತುದಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಕೆಂಪಣ್ಣ ಅಂತ ಐತಲ್ಲ" ಅಂದರು. "ನಂದ್ ಎಂಗಾಯ್ತದೆ?" ವಾಪಸ್ ಕೊಟ್ಟರು. ಪ್ಲಾಸ್ಟಿಕ್ಕಿನ ಮೇಲೆ ಮೂರು ಬೆರಳಿನ ಜಿಡ್ಡು ಉಳಿಯಿತು.

ಆಗ ಅಕ್ಕನಿಗೆ ಮಂಜಮ್ಮ ಹೇಳಿದ್ದನ್ನು ಹೇಳಿದೆ, ಸಾರಿನ ಮಾತು. ಒಂದು ಶಬ್ದವನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ಅಕ್ಕ ಜಾಲರಿ ಸೌಟು ಕೆಳಗಿಟ್ಟಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ರಿಪೋರ್ಟನ್ನು ತೆಗೆದುಕೊಂಡಳು. ಇಂಗ್ಲಿಷಿನಲ್ಲಿದ್ದ ಅದರಲ್ಲಿ ಅವಳಿಗೆ ಓದಲು ಬರುವಂಥದ್ದು ಏನೂ ಇರಲಿಲ್ಲ. ಕುಂಕುಮದ ಬೊಟ್ಟನ್ನೇ ನೋಡುತ್ತಾ ನಿಂತಳು.

ಗೋಡೆಯ ಕಡೆ ನೋಡಿದಳು, ದೇವರ ಪಟಗಳಿದ್ದ ಕಡೆ. ಮೂಲೆಯ ಕಸದ ಬುಟ್ಟಿಯ ಕಡೆ ನೋಡಿದಳು.

"ಇದನ್ನ ಎಲ್ಲಿ ಇಡ್ಲೋ?" ಅಂದಳು.

ಭಾವ ತಟ್ಟೆ ಪಕ್ಕಕ್ಕೆ ಸರಿಸಿದರು. ಯಾರೂ ಒಲೆ ಆರಿಸಿರಲಿಲ್ಲ, ಬಾಣಲೆಯಲ್ಲಿ ಬಿಟ್ಟ ನಿಪ್ಪಟ್ಟು ಕರಿಯಾಗುತ್ತಿತ್ತು.